ಕಾಲ ಕೆಟ್ಟಿದೆಯೇ, ಮೊಬೈಲ್ ಹಾಗೆ ತೋರಿಸುತ್ತಿದೆಯೇ?

ಬೆಳಿಗ್ಗೆ ಏಳೂವರೆ ಗಂಟೆ. ನವಲಗುಂದ ತಾಲ್ಲೂಕಿನ ಮೊರಬದಲ್ಲಿ ನಮಗೆ ಬೇಕಾದ ಹಿರಿಯರೊಬ್ಬರ ಮನೆ ಕಟ್ಟೆಯ ಮೇಲೆ ಕುಳಿತಿದ್ದೆವು. ಓಣಿಯವರೆಲ್ಲ ಅವರನ್ನು ಕಾಕಾ ಅನ್ನುತ್ತಾರೆ, ನಾವೂ ಹಾಗೇ ಕರೆಯುತ್ತೇವೆ. ಚಹಾ ಬರುವ ಮುಂಚೆಯೇ ಕಾಕಾ ತಮ್ಮ ಮೊಬೈಲ್ ತೆಗೆದು ನಮ್ಮ ಮುಂದೆ ಹಿಡಿದರು. ಮಕ್ಕಳನ್ನು ಎತ್ತಿಕೊಂಡು ಹೋಗುವ ಗುಂಪು ಜಿಲ್ಲೆಗೆ ಬಂದಿದೆ ಎಂಬ ಆಡಿಯೊ. ಅದರ ಕೆಳಗೆ, ಆಸ್ತಿಗಾಗಿ ಅಣ್ಣನನ್ನೇ ಕಡಿದ ತಮ್ಮನ ಸುದ್ದಿ; ಎಲ್ಲಿ, ಯಾವಾಗ ಎಂಬುದು ಅದರಲ್ಲಿರಲಿಲ್ಲ. ಅದರ ಕೆಳಗೆ ಪ್ಲಾಸ್ಟಿಕ್ ಅಕ್ಕಿಯ ವಿಡಿಯೊ. ಇದು ವರ್ಷಗಳಿಂದ ಸುತ್ತುತ್ತಲೇ ಇರುವ, ನಮಗೆ ಹಳೆಯ ಪರಿಚಯದ ವಿಡಿಯೊ.

"ಕಾಲ ಕೆಟ್ಟೈತ್ರಿ," ಅಂದರು ಕಾಕಾ. "ಯಾರನ್ನೂ ನಂಬೋ ಹಂಗ ಉಳಿದಿಲ್ಲ."

ಅವರು ಹೀಗೆ ಹೇಳುತ್ತಿರುವಾಗಲೇ ಎದುರು ಮನೆಯ ಹುಡುಗ ಬೈಕ್ ನಿಲ್ಲಿಸಿದ. "ಕಾಕಾ, ನವಲಗುಂದಕ್ಕ ಹೊಂಟೇನಿ, ಗುಳಿಗಿ ಚೀಟಿ ಕೊಡ್ರಿ" ಎಂದು ಅವರ ಬಿಪಿ ಮಾತ್ರೆಯ ಚೀಟಿ, ನೂರರ ಎರಡು ನೋಟು ಇಸಿದುಕೊಂಡು ಹೋದ. ಪಕ್ಕದ ಮನೆಯಿಂದ ಒಂದು ಬಟ್ಟಲು ರಂಜಕ ಬಂತು. ಮೂಲೆಯ ಕಿರಾಣಿ ಅಂಗಡಿಯಲ್ಲಿ ಪುಟ್ಟ ಹುಡುಗಿಯೊಬ್ಬಳು ಸಕ್ಕರೆ ಕಟ್ಟಿಸಿಕೊಂಡು "ರೊಕ್ಕ ಅಪ್ಪ ಆಮ್ಯಾಲೆ ಕೊಡ್ತಾನಂತ" ಎಂದು ಓಡಿದಳು. ಅಂಗಡಿಯವರು ತಲೆಯನ್ನೂ ಎತ್ತಲಿಲ್ಲ. ಕಾಕಾ ಇದಿಷ್ಟನ್ನೂ ನೋಡಿದರು, ಮತ್ತೆ ಮೊಬೈಲಿಗೆ ಮರಳಿದರು.

ಯಾರನ್ನೂ ನಂಬುವಂತಿಲ್ಲ ಎಂದವರು ಕಾಲು ಗಂಟೆಯಲ್ಲಿ ಹಣವನ್ನು ಒಬ್ಬರ ಕೈಗೆ ಕೊಟ್ಟಿದ್ದರು, ಊಟದ ಪದಾರ್ಥವನ್ನು ಇನ್ನೊಬ್ಬರ ಕೈಯಿಂದ ಪಡೆದಿದ್ದರು. ಕಾಕಾರನ್ನು ಆಡಿಕೊಳ್ಳಲು ಇದನ್ನು ಬರೆಯುತ್ತಿಲ್ಲ. ನಮ್ಮ ಫೋನಿನಲ್ಲೂ ಅದೇ ಆಡಿಯೊ ಇತ್ತು. ಅದನ್ನು ಕೇಳಿದ ರಾತ್ರಿ ನಾವೂ ಬಾಗಿಲ ಚಿಲಕವನ್ನು ಎರಡು ಸಲ ನೋಡಿ ಮಲಗಿದ್ದೆವು. ಕಣ್ಣೆದುರು ನಡೆದದ್ದು ಮನಸ್ಸಿನಲ್ಲಿ ನಿಲ್ಲುವುದಿಲ್ಲ, ಎಲ್ಲೋ ನಡೆದದ್ದು ಅಥವಾ ನಡೆಯದೇ ಇದ್ದದ್ದು ನಿಲ್ಲುತ್ತದೆ. ಹೀಗೇಕೆ?

ಹಾವೋ ಹಗ್ಗವೋ

ಕತ್ತಲಲ್ಲಿ ಹೊಲಕ್ಕೆ ನೀರು ಹಾಯಿಸಲು ಹೋದವರಿಗೆ ಇದು ಗೊತ್ತಿರುತ್ತದೆ. ಕಾಲಿಗೆ ತಾಗಿದ ಹಗ್ಗವನ್ನು ಹಾವೆಂದು ತಿಳಿದು ಹಾರಿದರೆ ಹೋಗುವುದು ಏನೂ ಇಲ್ಲ, ಜೊತೆಗಿದ್ದವರು ನಗಬಹುದು ಅಷ್ಟೆ. ಹಾವನ್ನು ಹಗ್ಗ ಎಂದುಕೊಂಡರೆ ಜೀವವೇ ಹೋಗಬಹುದು. ಲಕ್ಷಾಂತರ ವರ್ಷ ಹೀಗೆ ಬದುಕಿ ಬಂದ ನಮ್ಮ ಮಿದುಳು ಒಳ್ಳೆಯದಕ್ಕಿಂತ ಕೆಟ್ಟದ್ದಕ್ಕೆ ಬೇಗ ಎಚ್ಚರಗೊಳ್ಳುತ್ತದೆ, ಅದನ್ನೇ ಹೆಚ್ಚು ಹೊತ್ತು ಹಿಡಿದಿಟ್ಟುಕೊಳ್ಳುತ್ತದೆ. ಮನಶ್ಶಾಸ್ತ್ರಜ್ಞರು ಇದನ್ನು ಋಣಾತ್ಮಕತೆಯ ಒಲವು ಎನ್ನುತ್ತಾರೆ. ಹತ್ತು ಜನ ಹೊಗಳಿ ಒಬ್ಬರು ಬೈದರೆ ರಾತ್ರಿ ನೆನಪಾಗುವುದು ಆ ಒಬ್ಬರ ಮಾತು.

ಇದು ಒಂದು ದೇಶದವರ ಗುಣವಲ್ಲ. 2019ರಲ್ಲಿ ಸ್ಟುವರ್ಟ್ ಸೊರೋಕಾ ಮತ್ತು ಸಂಗಡಿಗರು 17 ದೇಶಗಳ ಸಾವಿರಕ್ಕೂ ಹೆಚ್ಚು ಜನರಿಗೆ ಟಿವಿ ಸುದ್ದಿ ತೋರಿಸಿ, ಆ ಹೊತ್ತಿನಲ್ಲಿ ಅವರ ಎದೆಬಡಿತ ಮತ್ತು ಚರ್ಮದ ಬೆವರಿನ ಏರಿಳಿತವನ್ನು ಅಳೆದರು. ಸರಾಸರಿಯಾಗಿ ಕೆಟ್ಟ ಸುದ್ದಿಗೆ ದೇಹ ಹೆಚ್ಚು ಪ್ರತಿಕ್ರಿಯಿಸಿತು. ಹಾಗೆಂದು ಎಲ್ಲರೂ ಒಂದೇ ಥರ ಇರಲಿಲ್ಲ. ಒಳ್ಳೆಯ ಸುದ್ದಿಗೇ ಹೆಚ್ಚು ಸ್ಪಂದಿಸಿದವರೂ ಎಲ್ಲ ಕಡೆ ಇದ್ದರು. ಅಂದರೆ ಇದೊಂದು ಒಲವು, ಹಣೆಬರಹವಲ್ಲ.

ಮಿದುಳಿನ ಈ ಒಲವನ್ನು ಬಳಸಿಕೊಳ್ಳಲು ಕಲಿತವರು ಶೀರ್ಷಿಕೆ ಬರೆಯುವವರು. ಅಮೆರಿಕದ ಅಪ್‌ವರ್ದಿ ಎಂಬ ಜಾಲತಾಣ ಒಂದೇ ಸುದ್ದಿಗೆ ಹಲವು ಶೀರ್ಷಿಕೆ ಕೊಟ್ಟು, ಯಾವುದನ್ನು ಜನ ಹೆಚ್ಚು ಒತ್ತುತ್ತಾರೆಂದು ಪರೀಕ್ಷಿಸುತ್ತಿತ್ತು. ಅಂಥ ಸುಮಾರು 1,05,000 ಶೀರ್ಷಿಕೆಗಳ ಲೆಕ್ಕವನ್ನು ಸಂಶೋಧಕರು ತೆಗೆದು ನೋಡಿದರು. 2023ರಲ್ಲಿ ಪ್ರಕಟವಾದ ಫಲಿತಾಂಶ ಇದು: ಶೀರ್ಷಿಕೆಯಲ್ಲಿ ಒಂದು ಕೆಟ್ಟ ಅರ್ಥದ ಪದ ಹೆಚ್ಚಾದರೆ ಒತ್ತುವವರ ಪ್ರಮಾಣ 2.3% ಏರುತ್ತದೆ, ಒಳ್ಳೆಯ ಅರ್ಥದ ಪದ ಸೇರಿದರೆ ಇಳಿಯುತ್ತದೆ. ತಮಾಷೆಯೆಂದರೆ, ಅಪ್‌ವರ್ದಿ ಹೆಸರು ಮಾಡಿದ್ದೇ ಮನಸ್ಸಿಗೆ ಮುದ ಕೊಡುವ ಸುದ್ದಿಗಳಿಂದ.

2.3% ಸಣ್ಣ ಸಂಖ್ಯೆಯೇ. ಆದರೆ ಪತ್ರಿಕೆ, ಟಿವಿ, ಯೂಟ್ಯೂಬ್ ಚಾನೆಲ್, ಕೊನೆಗೆ ನಮ್ಮ ಫ್ಯಾಮಿಲಿ ಗ್ರೂಪ್, ಹೀಗೆ ಒಂದರ ಮೇಲೊಂದು ಜರಡಿ ಹಿಡಿದರೆ ಏನಾಗುತ್ತದೆ? ಮೊದಲ ಜರಡಿಯಲ್ಲಿ ಸ್ವಲ್ಪ ಒಳ್ಳೆಯದು ಉದುರಿಹೋಗುತ್ತದೆ, ಎರಡನೆಯದರಲ್ಲಿ ಇನ್ನಷ್ಟು. ಕಾಕಾ ಅವರ ಮೊಬೈಲಿಗೆ ಬಂದು ಮುಟ್ಟುವ ಹೊತ್ತಿಗೆ ಜರಡಿಯಲ್ಲಿ ಉಳಿದಿರುವುದು ಬರೀ ಕಲ್ಲು.

ನಡೆಯದೇ ಇದ್ದದ್ದು ಸುದ್ದಿಯಾಗುವುದಿಲ್ಲ

ಇನ್ನೊಂದು ಕಾರಣವೂ ಇದೆ, ಇದರಲ್ಲಿ ಯಾರ ತಪ್ಪೂ ಇಲ್ಲ. ಕೆಟ್ಟದ್ದು ಒಂದು ಗಂಟೆಯಲ್ಲಿ ನಡೆಯುತ್ತದೆ: ಅಪಘಾತ, ಕೊಲೆ, ಕಟ್ಟಡ ಕುಸಿತ. ಒಳ್ಳೆಯದು ಹೆಚ್ಚಾಗಿ ವರ್ಷಗಟ್ಟಲೆ ನಡೆಯುತ್ತದೆ, ಅದಕ್ಕೆ ತಾರೀಖು ಹಾಕಲು ಬರುವುದಿಲ್ಲ.

ನಾರು ಹುಣ್ಣು ಎಂಬ ಹೆಸರು ನಿಮ್ಮ ಮನೆಯ ಹಿರಿಯರಿಗೆ ಗೊತ್ತಿರಬಹುದು, ಕೇಳಿ ನೋಡಿ. ಕೆರೆ, ಮೆಟ್ಟಿಲು ಬಾವಿಗಳ ನೀರಿನಲ್ಲಿರುವ ಕಣ್ಣಿಗೆ ಕಾಣದಷ್ಟು ಸಣ್ಣ ಜೀವಿಯ ಮೂಲಕ ಹುಳುವಿನ ಮರಿ ಹೊಟ್ಟೆ ಸೇರುತ್ತಿತ್ತು. ಸುಮಾರು ಒಂದು ವರ್ಷದ ನಂತರ ಕಾಲಿನಲ್ಲಿ ಬೊಬ್ಬೆ ಎದ್ದು, ಒಡೆದು, ದಾರದಂಥ ಉದ್ದನೆಯ ಹುಳು ಹೊರಗೆ ಬರುತ್ತಿತ್ತು. ಅದನ್ನು ಕಡ್ಡಿಗೆ ಸುತ್ತುತ್ತ ದಿನಕ್ಕೆ ಇಷ್ಟಿಷ್ಟೇ ಎಳೆಯಬೇಕು, ತುಂಡಾದರೆ ನಂಜು. ಬಿತ್ತನೆಯ ಹೊತ್ತಿನಲ್ಲಿ ಹೀಗಾದರೆ ಆ ವರ್ಷದ ಬೆಳೆಯೇ ಹೋದಂತೆ. ಇದರಿಂದ ಬಾಧೆಪಟ್ಟ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. 1983-84ರಲ್ಲಿ ದೇಶದ ನಿರ್ಮೂಲನಾ ಕಾರ್ಯಕ್ರಮ ಶುರುವಾಯಿತು. ಆರೋಗ್ಯ ಕಾರ್ಯಕರ್ತರು ಮನೆಮನೆಗೆ ಹೋಗಿ ನೀರನ್ನು ಬಟ್ಟೆಯಲ್ಲಿ ಸೋಸಿ ಕುಡಿಯಲು ಹೇಳಿಕೊಟ್ಟರು, ನೀರಿಗೆ ಇಳಿಯದಂತೆ ಬಾವಿಗಳನ್ನು ಬದಲಿಸಿದರು, ಕೈಪಂಪು ಹಾಕಿಸಿದರು. ದೇಶದ ಕೊನೆಯ ಪ್ರಕರಣ 1996ರಲ್ಲಿ ಕಂಡಿತು. 2000ನೇ ಇಸವಿಯಲ್ಲಿ ಭಾರತ ನಾರು ಹುಣ್ಣಿನಿಂದ ಮುಕ್ತ ಎಂದು ವಿಶ್ವ ಆರೋಗ್ಯ ಸಂಸ್ಥೆ ಪ್ರಮಾಣಪತ್ರ ಕೊಟ್ಟಿತು. ಇದಕ್ಕೆ ಲಸಿಕೆ ಇರಲಿಲ್ಲ, ಔಷಧವೂ ಇರಲಿಲ್ಲ. ಬಟ್ಟೆಯ ತುಂಡು, ಹೇಳಿದ್ದನ್ನೇ ಮತ್ತೆ ಮತ್ತೆ ಹೇಳುವ ತಾಳ್ಮೆ, ಹೇಳಿದ್ದನ್ನು ಕೇಳಿದ ಜನ, ಇಷ್ಟೇ.

"ಇವತ್ತೂ ಯಾರ ಕಾಲಿನಿಂದಲೂ ಹುಳು ಬರಲಿಲ್ಲ" ಎಂಬ ಫಾರ್ವರ್ಡ್ ನಿಮಗೆ ಯಾವತ್ತಾದರೂ ಬಂದಿದೆಯೇ?

ಮನಸ್ಸು ಲೆಕ್ಕ ಹಾಕುವ ರೀತಿಯೇ ಇಲ್ಲಿ ಮೋಸ ಮಾಡುತ್ತದೆ. ಯಾವುದಾದರೂ ಸಂಗತಿ ಎಷ್ಟು ಸಾಮಾನ್ಯ ಎಂದು ಅಂದಾಜಿಸುವಾಗ ನಾವು ಅಂಕಿಅಂಶ ಹುಡುಕುವುದಿಲ್ಲ, ಅದರ ಉದಾಹರಣೆ ಎಷ್ಟು ಬೇಗ ನೆನಪಿಗೆ ಬರುತ್ತದೆ ಎಂದು ನೋಡುತ್ತೇವೆ. ಅಮೋಸ್ ಟ್ವೆರ್ಸ್ಕಿ ಮತ್ತು ಡೇನಿಯಲ್ ಕಾಹ್ನೆಮನ್ 1973ರಲ್ಲೇ ಇದನ್ನು ಪ್ರಯೋಗಗಳಿಂದ ತೋರಿಸಿದ್ದರು. ಬೇಗ ನೆನಪಾಗುವುದೆಲ್ಲ ಹೆಚ್ಚು ನಡೆಯುವಂಥದ್ದು ಎಂದು ಮನಸ್ಸು ತೀರ್ಮಾನಿಸುತ್ತದೆ. ದಿನಕ್ಕೆ ಮೂರು ಸಲ ಮಕ್ಕಳ ಕಳ್ಳರ ಆಡಿಯೊ ಕೇಳಿದವರಿಗೆ ಊರಿನ ತುಂಬ ಮಕ್ಕಳ ಕಳ್ಳರೇ ಕಾಣುತ್ತಾರೆ. ಆಡಿಯೊ ಒಂದೇ, ಕಳಿಸಿದವರು ಮೂರು ಜನ, ಅಷ್ಟೇ ವ್ಯತ್ಯಾಸ.

ಕತ್ತರಿಸಿ ತೆಗೆದ ಕೊನೆ

ಇದನ್ನೆಲ್ಲ ಮನಸ್ಸಿನ ನೆಮ್ಮದಿಯ ವಿಷಯ ಎಂದು ಬಿಟ್ಟುಬಿಡಬಹುದಿತ್ತು. ಆದರೆ 2018ರಲ್ಲಿ ಏನಾಯಿತು ಎಂಬುದನ್ನು ನೆನಪಿಸಿಕೊಳ್ಳಬೇಕು.

ಆ ವರ್ಷ ದೇಶದ ತುಂಬ ಒಂದು ವಿಡಿಯೊ ಓಡಾಡಿತು. ಬೈಕಿನಲ್ಲಿ ಬಂದ ಇಬ್ಬರು ಬೀದಿಯಲ್ಲಿ ಆಡುತ್ತಿದ್ದ ಮಗುವನ್ನು ಎತ್ತಿಕೊಂಡು ಹೋಗುತ್ತಾರೆ, ಅಲ್ಲಿಗೆ ವಿಡಿಯೊ ಮುಗಿಯುತ್ತದೆ. "ನಮ್ಮ ಊರಲ್ಲೇ ನಡೆದದ್ದು" ಎಂಬ ಒಕ್ಕಣೆ ಬೇರೆ ಬೇರೆ ಭಾಷೆಗಳಲ್ಲಿ ಅಂಟಿಕೊಂಡಿತ್ತು. ಅದು ನಡೆದದ್ದು ಭಾರತದಲ್ಲೇ ಅಲ್ಲ. ಪಾಕಿಸ್ತಾನದ ಕರಾಚಿಯಲ್ಲಿ ಮಕ್ಕಳ ಸುರಕ್ಷತೆಗಾಗಿ ಕೆಲಸ ಮಾಡುವ ರೋಶ್ನಿ ಎಂಬ ಸಂಸ್ಥೆಗಾಗಿ ಮಾಡಿದ ಜಾಗೃತಿ ಚಿತ್ರ ಅದು, ಎಲ್ಲವೂ ನಟನೆ. ಮೂಲ ಚಿತ್ರದಲ್ಲಿ ಬೈಕ್ ತಿರುಗಿ ಬರುತ್ತದೆ, ಅವರು ಮಗುವನ್ನು ಮತ್ತೆ ಅದೇ ಜಾಗದಲ್ಲಿ ಇಳಿಸುತ್ತಾರೆ, ಮಕ್ಕಳ ಮೇಲೆ ಕಣ್ಣಿಡಿ ಎಂದು ತಿಳಿಸುವ ಫಲಕ ಹಿಡಿಯುತ್ತಾರೆ. ಯಾರೋ ಆ ಕೊನೆಯನ್ನು ಕತ್ತರಿಸಿ ತೆಗೆದಿದ್ದರು.

ಮಗು ಮರಳಿ ಬಂದದ್ದನ್ನೇ ತೆಗೆದುಹಾಕಿದ ಆ ತುಣುಕು, ಅದರ ಜೊತೆ ಬಂದ ಆಡಿಯೊಗಳು, ಸಂಬಂಧವಿಲ್ಲದ ಫೋಟೊಗಳು ಊರೂರಿನ ಗ್ರೂಪುಗಳಲ್ಲಿ ತುಂಬಿಕೊಂಡವು. ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ಕೆಲಸ ಹುಡುಕಿಕೊಂಡು ಬಂದಿದ್ದ ರಾಜಸ್ಥಾನದ ಯುವಕನನ್ನು ಮಕ್ಕಳ ಕಳ್ಳನೆಂದು ಗುಂಪೊಂದು ಬಡಿದು ಕೊಂದಿತು. ಜುಲೈ 1ರಂದು ಮಹಾರಾಷ್ಟ್ರದ ಧುಳೆ ಜಿಲ್ಲೆಯ ರೈನ್‌ಪಾಡಾದಲ್ಲಿ ಐವರು ಸತ್ತರು. ಅವರು ಬಸವಣ್ಣನವರ ಹೆಸರಿನೊಂದಿಗೆ ನಮಗೆಲ್ಲ ಪರಿಚಿತವಾದ ಮಂಗಳವೇಢೆ ಸೀಮೆಯಿಂದ ಹೋಗಿದ್ದ, ಊರೂರು ಅಲೆದು ಭಿಕ್ಷೆ ಬೇಡಿ ಬದುಕುವ ಅಲೆಮಾರಿ ಸಮುದಾಯದವರು.

ಜುಲೈ 13, ಬೀದರ್ ಜಿಲ್ಲೆ. ಹೈದರಾಬಾದಿನಿಂದ ಸುತ್ತಾಡಲು ಬಂದಿದ್ದ ಗೆಳೆಯರು ಔರಾದ್ ಕಡೆಯ ತಾಂಡಾವೊಂದರ ಬಳಿ ಕಾರು ನಿಲ್ಲಿಸಿದರು. ಶಾಲೆ ಬಿಟ್ಟು ಹೋಗುತ್ತಿದ್ದ ಮಕ್ಕಳಿಗೆ ತಮ್ಮಲ್ಲಿದ್ದ ವಿದೇಶಿ ಚಾಕೊಲೇಟ್ ಕೊಟ್ಟರು. ನೋಡಿದವರಿಗೆ ಅನುಮಾನ ಬಂತು, ಮಾತಿಗೆ ಮಾತು ಬೆಳೆಯಿತು, ಅವರು ಹೆದರಿ ಕಾರು ಹತ್ತಿದರು. ಕಾರಿಗಿಂತ ಮೊದಲೇ ಮುಂದಿನ ಊರಾದ ಮುರ್ಕಿಗೆ ವಾಟ್ಸ್‌ಆ್ಯಪ್ ಸಂದೇಶ ತಲುಪಿತ್ತು. ಅಲ್ಲಿ ರಸ್ತೆಗೆ ಅಡ್ಡ ಹಾಕಿದ್ದರು. ಕಾರು ಬೈಕಿಗೆ ಬಡಿದು ಹಳ್ಳಕ್ಕೆ ಬಿತ್ತು, ನೂರಾರು ಜನ ಸೇರಿದರು. ಸಾಫ್ಟ್‌ವೇರ್ ಎಂಜಿನಿಯರ್ ಒಬ್ಬರು ಅಲ್ಲಿಯೇ ಪ್ರಾಣ ಬಿಟ್ಟರು, ಜೊತೆಗಿದ್ದವರು ತೀವ್ರವಾಗಿ ಗಾಯಗೊಂಡರು. ಮುಂದೆ ಬಂಧಿತರಾದವರಲ್ಲಿ ಗ್ರೂಪಿನ ಅಡ್ಮಿನ್ ಕೂಡ ಇದ್ದರು.

ಇದರ ಹಿಂದಿನ ದಿನಗಳಲ್ಲಿ ಆ ಫಾರ್ವರ್ಡ್‌ಗಳು ಇರದಿದ್ದರೆ ಅಲ್ಲಿ ಕಾಣುತ್ತಿದ್ದದ್ದು ಏನು? ಹೊರಗಿನಿಂದ ಬಂದವರು ಮಕ್ಕಳಿಗೆ ಚಾಕೊಲೇಟ್ ಕೊಟ್ಟ ದೃಶ್ಯ. ಮುರ್ಕಿಯವರು ಹುಟ್ಟಾ ಕೆಟ್ಟವರಲ್ಲ. ನಮ್ಮ ಮಕ್ಕಳನ್ನು ಉಳಿಸುತ್ತಿದ್ದೇವೆ ಎಂದೇ ಹೊರಟವರು ಅವರಲ್ಲಿ ಬಹಳ ಮಂದಿ ಇದ್ದಿರಬೇಕು. ತಿಂಗಳುಗಟ್ಟಲೆ ಕೆಟ್ಟದ್ದನ್ನೇ ನೋಡಿದ ಕಣ್ಣಿಗೆ ಒಳ್ಳೆಯದು ಒಳ್ಳೆಯದಾಗಿ ಕಾಣಲಿಲ್ಲ.

ಆ ಕಥೆಯಲ್ಲೂ ಕತ್ತರಿಸಿಹೋದ ಒಂದು ತುಣುಕಿದೆ. ಆ ಗುಂಪಿನ ನಡುವೆ ಬೆರಳೆಣಿಕೆಯ ಪೊಲೀಸರು ನುಗ್ಗಿ, ತಾವೂ ಪೆಟ್ಟು ತಿಂದು, ಉಳಿದವರನ್ನು ಹೊರಗೆ ತಂದರು. ನಾವು ಈ ಘಟನೆಯ ಬಗ್ಗೆ ಮಾತಾಡಿದಾಗ ಕೊಲೆ ನೆನಪಿದ್ದವರು ಹಲವರು ಸಿಕ್ಕರು, ಪೊಲೀಸರು ಪೆಟ್ಟು ತಿಂದದ್ದು ನೆನಪಿದ್ದವರು ಒಬ್ಬರೂ ಸಿಗಲಿಲ್ಲ.

ಅದೇ ಜುಲೈನಲ್ಲಿ ವಾಟ್ಸ್‌ಆ್ಯಪ್ ಸಂದೇಶಗಳ ಮೇಲೆ 'ಫಾರ್ವರ್ಡೆಡ್' ಎಂಬ ಗುರುತು ಬಂತು. ಭಾರತದಲ್ಲಿ ಒಮ್ಮೆಗೆ ಐದು ಕಡೆಗೆ ಮಾತ್ರ ಕಳಿಸುವ ಮಿತಿಯೂ ಬಂತು. 2020ರ ಏಪ್ರಿಲ್‌ನಿಂದ, ಬಹಳ ಸಲ ಕೈ ಬದಲಾಯಿಸಿದ ಸಂದೇಶವನ್ನು ಒಮ್ಮೆಗೆ ಒಂದೇ ಕಡೆ ಕಳಿಸಬಹುದು. ಅಂಥದ್ದರ ಮೇಲೆ ಜೋಡಿ ಬಾಣದ ಗುರುತಿರುತ್ತದೆ. ಕಾಕಾ ತೋರಿಸಿದ ಆಡಿಯೊದ ಮೇಲೆ ಅದೇ ಜೋಡಿ ಬಾಣ ಇತ್ತು. ಅದರ ಅರ್ಥವೇನೆಂದು ಅವರಿಗೆ ಯಾರೂ ಹೇಳಿರಲಿಲ್ಲ. "ಬಾಣ ಇದ್ರ ಅರ್ಜಂಟ್ ಅಂತ ತಿಳ್ಕೊಂಡಿದ್ದೆ" ಅಂದರು.

ಹಾಗಾದರೆ ಜನ ನಿಜಕ್ಕೂ ಹೇಗಿದ್ದಾರೆ?

"ಮೊದಲು ಜನ ಹೀಗಿರಲಿಲ್ಲ" ಎಂಬ ಮಾತನ್ನು ಮೊದಲು ನೋಡೋಣ. ಆಡಮ್ ಮಾಸ್ಟ್ರೋಯಾನಿ ಮತ್ತು ಡೇನಿಯಲ್ ಗಿಲ್ಬರ್ಟ್ ಎಂಬ ಮನಶ್ಶಾಸ್ತ್ರಜ್ಞರು ಹಳೆಯ ಸಮೀಕ್ಷೆಗಳನ್ನೆಲ್ಲ ಒಟ್ಟುಹಾಕಿ 2023ರಲ್ಲಿ ಒಂದು ಪ್ರಬಂಧ ಬರೆದರು. ಕನಿಷ್ಠ 60 ದೇಶಗಳಲ್ಲಿ, ಕನಿಷ್ಠ 70 ವರ್ಷಗಳಿಂದ ಜನ ಇದೇ ಮಾತು ಹೇಳುತ್ತ ಬಂದಿದ್ದಾರೆ. ಆದರೆ "ನಿನ್ನೆ ನಿಮ್ಮನ್ನು ಗೌರವದಿಂದ ನಡೆಸಿಕೊಂಡರಾ", "ಯಾರಾದರೂ ಸಹಾಯ ಮಾಡಿದರಾ" ಎಂಬಂಥ ಪ್ರಶ್ನೆಗಳಿಗೆ ವರ್ಷ ವರ್ಷವೂ ಬಂದ ಉತ್ತರಗಳನ್ನು ಹೋಲಿಸಿದರೆ ಇಳಿಕೆ ಕಾಣುವುದಿಲ್ಲ. ಇನ್ನೊಂದು ಸ್ವಾರಸ್ಯವಿದೆ. ತಮಗೆ ಚೆನ್ನಾಗಿ ಗೊತ್ತಿರುವವರ ಬಗ್ಗೆ ಕೇಳಿದಾಗ, ಅವರೇನೂ ಕೆಟ್ಟಿಲ್ಲ ಎಂದೇ ಜನ ಹೇಳಿದರು. ಕೆಟ್ಟವರು ಯಾವಾಗಲೂ ಬೇರೆ ಕಡೆ ಇರುವವರು, ನಮಗೆ ಗೊತ್ತಿಲ್ಲದವರು, ಅಂದರೆ ನಾವು ಸುದ್ದಿಯ ಮೂಲಕ ಮಾತ್ರ ನೋಡುವವರು.

ಗೊತ್ತಿಲ್ಲದವರು ಹೇಗೆ ನಡೆದುಕೊಳ್ಳುತ್ತಾರೆ ಎಂಬುದನ್ನೂ ಪರೀಕ್ಷಿಸಿದ್ದಾರೆ. 2019ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಬಂದ ಅಧ್ಯಯನ ಅದು. ಭಾರತವೂ ಸೇರಿ 40 ದೇಶಗಳ 355 ಊರುಗಳಲ್ಲಿ 17,000ಕ್ಕೂ ಹೆಚ್ಚು ಪಾಕೀಟುಗಳನ್ನು ಬ್ಯಾಂಕ್, ಅಂಚೆ ಕಚೇರಿ, ಹೋಟೆಲ್, ಪೊಲೀಸ್ ಠಾಣೆಗಳ ಕೌಂಟರಿನಲ್ಲಿ ಕೊಟ್ಟು, "ರಸ್ತೆಯಲ್ಲಿ ಸಿಕ್ಕಿತು, ನನಗೆ ಅವಸರವಿದೆ, ನೀವೇ ನೋಡಿಕೊಳ್ಳಿ" ಎಂದು ಹೊರಟುಬಿಟ್ಟರು. ಪಾಕೀಟಿನಲ್ಲಿ ಮಾಲೀಕರ ವಿಳಾಸದ ಕಾರ್ಡು, ಒಂದು ಕೀಲಿ, ಸಂತೆಯ ಚೀಟಿ. ಕೆಲವದರಲ್ಲಿ ದುಡ್ಡು ಇತ್ತು, ಕೆಲವದರಲ್ಲಿ ಇರಲಿಲ್ಲ. ಯಾವುದು ಹೆಚ್ಚು ಮರಳಿ ಬಂದಿರಬೇಕು? ಮುಂದೆ ಓದುವ ಮುನ್ನ ಒಂದು ಊಹೆ ಮಾಡಿ.

ದುಡ್ಡಿಲ್ಲದ ಪಾಕೀಟುಗಳಲ್ಲಿ ಸುಮಾರು 40% ಜನ ಮಾಲೀಕರನ್ನು ಸಂಪರ್ಕಿಸಿದರು, ದುಡ್ಡಿದ್ದವುಗಳಲ್ಲಿ ಸುಮಾರು 51%. 40ರಲ್ಲಿ 38 ದೇಶಗಳಲ್ಲಿ ದುಡ್ಡಿದ್ದ ಪಾಕೀಟೇ ಹೆಚ್ಚು ಮರಳಿತು. ಅರ್ಥಶಾಸ್ತ್ರಜ್ಞರನ್ನು ಮೊದಲೇ ಕೇಳಿದ್ದಾಗ ಅವರಿಗೂ ಇದನ್ನು ಸರಿಯಾಗಿ ಊಹಿಸಲು ಆಗಿರಲಿಲ್ಲ. ದುಡ್ಡಿದ್ದದ್ದನ್ನು ಇಟ್ಟುಕೊಂಡರೆ ತಾನು ಕಳ್ಳನಾಗುತ್ತೇನೆ ಎಂಬ ಅಳುಕು ಆಸೆಗಿಂತ ದೊಡ್ಡದು ಎಂಬುದು ಸಂಶೋಧಕರ ವಿವರಣೆ. ಅರ್ಧದಷ್ಟು ಪಾಕೀಟುಗಳು ಮರಳಲಿಲ್ಲ ಎಂಬುದನ್ನೂ ಮುಚ್ಚಿಡಬೇಕಿಲ್ಲ. ಜಗತ್ತು ಸತ್ಯ ಹರಿಶ್ಚಂದ್ರರಿಂದ ತುಂಬಿಲ್ಲ. ಆದರೆ ನಾವು ಅಂದುಕೊಂಡದ್ದಕ್ಕಿಂತ ಚೆನ್ನಾಗಿದೆ. 2025ರ ವಿಶ್ವ ಸಂತೋಷ ವರದಿಯೂ ಇದನ್ನೇ ಹೇಳಿತು: ಕಳೆದುಹೋದ ಪಾಕೀಟು ಮರಳುತ್ತದೆಂದು ಜನ ಎಷ್ಟು ನಿರೀಕ್ಷಿಸುತ್ತಾರೋ, ಪ್ರಯೋಗಗಳಲ್ಲಿ ಅದರ ಸುಮಾರು ಎರಡರಷ್ಟು ಮರಳುತ್ತವೆ.

ನಮಗೆ ಇನ್ನೂ ಹೆಚ್ಚು ಇಷ್ಟವಾದ ಅಧ್ಯಯನ ಬೇರೆ ಇದೆ, ಅದಕ್ಕೆ ಪಾಕೀಟೂ ಬೇಕಾಗಲಿಲ್ಲ. ಇಟಲಿ, ಘಾನಾ, ಲಾವೋಸ್, ಈಕ್ವೆಡಾರ್, ಆಸ್ಟ್ರೇಲಿಯಾದ ಮೂಲನಿವಾಸಿಗಳ ಊರು ಹೀಗೆ ಎಂಟು ಭಾಷೆಗಳ ಜನ ಮನೆಯಲ್ಲಿ, ಊರಲ್ಲಿ ದಿನನಿತ್ಯ ಮಾತಾಡಿಕೊಂಡು ಕೆಲಸ ಮಾಡುವುದನ್ನು 40 ಗಂಟೆಗಿಂತ ಹೆಚ್ಚು ಕಾಲ ಚಿತ್ರೀಕರಿಸಿದರು. ಯಾರಾದರೂ ಸಣ್ಣ ಸಹಾಯ ಕೇಳಿದ್ದು ಎಷ್ಟು ಸಲ, ಸಿಕ್ಕಿದ್ದು ಎಷ್ಟು ಸಲ ಎಂದು ಎಣಿಸಿದರು. "ಆ ಚಾಕು ಕೊಡು", "ಇದನ್ನು ಸ್ವಲ್ಪ ಹಿಡಿ" ಎಂಬಂಥ ಸಹಾಯ. ಸರಾಸರಿ ಎರಡು ನಿಮಿಷ ಹದಿನೇಳು ಸೆಕೆಂಡಿಗೊಮ್ಮೆ ಯಾರಾದರೂ ಏನಾದರೂ ಕೇಳಿದ್ದರು. ಇಲ್ಲ ಎಂದದ್ದಕ್ಕಿಂತ ಮಾಡಿಕೊಟ್ಟದ್ದು ಏಳು ಪಟ್ಟು ಹೆಚ್ಚು. ಇಲ್ಲ ಎನ್ನುವಾಗ ಜನ ಕಾರಣ ಕೊಟ್ಟರು, ಹೂಂ ಎನ್ನುವಾಗ ಕಾರಣ ಕೊಡಲಿಲ್ಲ, ಸುಮ್ಮನೆ ಮಾಡಿದರು. 2023ರಲ್ಲಿ ಇದು ಪ್ರಕಟವಾಯಿತು. ಮೊರಬದ ಕಟ್ಟೆಯ ಮೇಲೆ ನಾವು ನೋಡಿದ್ದೂ ಇದನ್ನೇ. ಕಾರಣ ಕೊಡದೆ ನಡೆಯುವುದರಿಂದಲೇ ಅದು ಕಣ್ಣಿಗೆ ಬೀಳುವುದಿಲ್ಲವೇನೋ.

ನಮ್ಮ ಕಡೆ ಇದಕ್ಕೆ ಪದ್ಧತಿಯ ರೂಪವೂ ಇದೆ. ಇವತ್ತು ನಿಮ್ಮ ಹೊಲಕ್ಕೆ ನಾವು, ನಾಳೆ ನಮ್ಮ ಹೊಲಕ್ಕೆ ನೀವು ಎನ್ನುವ ಮುಯ್ಯಾಳು. ನಾಗರ ಪಂಚಮಿಯ ಮುನ್ನ ಮನೆಮನೆಗೆ ರೊಟ್ಟಿ ಹಂಚುವ ರೊಟ್ಟಿ ಹಬ್ಬ. ಎಳ್ಳ ಅಮಾವಾಸ್ಯೆಯ ಚರಗದ ದಿನ ಹೊಲ ಇಲ್ಲದವರನ್ನೂ ಕರೆದೊಯ್ದು ಉಣಿಸುವುದು. ನವಲಗುಂದ ತಾಲ್ಲೂಕಿನದ್ದೇ ಆದ ಯಮನೂರಿನ ಉರುಸಿಗೆ ಹಿಂದೂಗಳೂ ಮುಸ್ಲಿಮರೂ ಪ್ರತಿ ವರ್ಷ ಒಟ್ಟಿಗೇ ಹೋಗುತ್ತಾರೆ, ಬೆಣ್ಣಿಹಳ್ಳದಲ್ಲಿ ಮಿಂದು ಬರುತ್ತಾರೆ. 2019ರ ಆಗಸ್ಟ್‌ನಲ್ಲಿ ನೆರೆ ಬಂದು ಬೆಣ್ಣಿಹಳ್ಳ, ತುಪ್ಪರಿಹಳ್ಳ ಉಕ್ಕಿದಾಗ ಟಿವಿಯಲ್ಲಿ ನೀರೇ ನೀರು. ಅದೇ ವಾರ ಉತ್ತರ ಕರ್ನಾಟಕದ ಊರೂರುಗಳಲ್ಲಿ ಹೆಂಗಸರು ರೊಟ್ಟಿ ಬಡಿದು, ಚಟ್ನಿಪುಡಿಯ ಜೊತೆ ಕಟ್ಟಿ, ಹೆಸರೂ ಗೊತ್ತಿಲ್ಲದ ಊರುಗಳಿಗೆ ಗಾಡಿ ತುಂಬಿಸಿ ಕಳಿಸಿದರು.

ಸುದ್ದಿ ನೋಡುವುದನ್ನೇ ಬಿಡಬೇಕೇ?

ಬೇಡ. ಕೆಟ್ಟ ಸುದ್ದಿ ಬೇಕು. ಹಳ್ಳ ಉಕ್ಕುತ್ತದೆ ಎಂಬ ಎಚ್ಚರಿಕೆ ಬೇಕು, ಬೆಳೆವಿಮೆ ಬಾರದ ಸುದ್ದಿ ಬೇಕು. 1980ರ ನವಲಗುಂದ–ನರಗುಂದದ ರೈತ ಬಂಡಾಯವಾಗಲಿ, 2015ರಿಂದ ನಡೆದ ಕಳಸಾ–ಬಂಡೂರಿ ಹೋರಾಟವಾಗಲಿ, ಎಲ್ಲ ಚೆನ್ನಾಗಿದೆ ಎಂದು ಕೂತವರಿಂದ ಆದದ್ದಲ್ಲ. "ಒಳ್ಳೆಯದನ್ನೇ ನೋಡಿ" ಎಂಬ ಉಪದೇಶ ಎಷ್ಟೋ ಸಲ "ಪ್ರಶ್ನೆ ಕೇಳಬೇಡಿ" ಎಂಬುದರ ಇನ್ನೊಂದು ಹೆಸರು. ಅದು ನಮಗೂ ಹಿಡಿಸುವುದಿಲ್ಲ.

ಪ್ರಮಾಣದ ಪ್ರಶ್ನೆ ಮಾತ್ರ ಇದೆ. 1997ರ ಒಂದು ಬ್ರಿಟಿಷ್ ಪ್ರಯೋಗದಲ್ಲಿ 14 ನಿಮಿಷ ಬರೀ ಕೆಟ್ಟ ಸುದ್ದಿ ನೋಡಿದವರು ಆಮೇಲೆ ತಮ್ಮ ಸ್ವಂತ ಚಿಂತೆಗಳನ್ನೂ ಹೆಚ್ಚು ದೊಡ್ಡದಾಗಿ ಕಂಡರು. ಸುದ್ದಿಗೂ ಆ ಚಿಂತೆಗಳಿಗೂ ಸಂಬಂಧವೇ ಇರಲಿಲ್ಲ. 2013ರ ಬೋಸ್ಟನ್ ಬಾಂಬ್ ಸ್ಫೋಟದ ನಂತರದ ವಾರ ದಿನಕ್ಕೆ ಆರು ಗಂಟೆಗಿಂತ ಹೆಚ್ಚು ಅದರ ಸುದ್ದಿ ನೋಡಿದವರಲ್ಲಿ ಕಂಡ ಒತ್ತಡದ ಲಕ್ಷಣಗಳು, ಸ್ಫೋಟದ ಜಾಗದಲ್ಲೇ ಇದ್ದವರಿಗಿಂತ ಹೆಚ್ಚಿದ್ದವು. ಮೊದಲೇ ಆತಂಕದಲ್ಲಿದ್ದವರು ಹೆಚ್ಚು ನೋಡಿರಬಹುದು ಎಂಬ ಅನುಮಾನಕ್ಕೆ ಜಾಗವಿದೆ. ಆದರೂ ಅಂತರ ದೊಡ್ಡದು.

ಇದಕ್ಕೆ ಮದ್ದಾಗಿ ಬೆಳಿಗ್ಗೆ ಬೆಳಿಗ್ಗೆ ಬರುವ ಗುಲಾಬಿ ಹೂವಿನ ಫಾರ್ವರ್ಡ್‌ಗಳಿವೆಯಲ್ಲ, ಅವುಗಳ ಕಥೆಯೂ ಅಷ್ಟೇ. ನಮ್ಮ ರಾಷ್ಟ್ರಗೀತೆಗೆ ಯುನೆಸ್ಕೊ ಜಗತ್ತಿನಲ್ಲೇ ಶ್ರೇಷ್ಠ ಎಂದು ಪ್ರಶಸ್ತಿ ಕೊಟ್ಟಿತೆಂಬ ಸಂದೇಶ ಎಷ್ಟು ಸಲ ಬಂದಿಲ್ಲ? ಯುನೆಸ್ಕೊ ಅಂಥ ಪ್ರಶಸ್ತಿ ಯಾವ ದೇಶಕ್ಕೂ ಕೊಡುವುದಿಲ್ಲ. ಸುಳ್ಳು ಒಳ್ಳೆಯ ಸುದ್ದಿ ಕೆಟ್ಟ ಸುದ್ದಿಗೆ ಉತ್ತರವಲ್ಲ, ಅದೂ ಜರಡಿಯ ಕಲ್ಲೇ.

ಬದಲಿಗೆ, ದಿನಕ್ಕೊಮ್ಮೆ ಕಣ್ಣಾರೆ ಕಂಡದ್ದನ್ನು ಬರೆದುಕೊಳ್ಳುವ ಒಂದು ಅಭ್ಯಾಸವಿದೆ. ಮಾರ್ಟಿನ್ ಸೆಲಿಗ್ಮನ್ ತಂಡ 2005ರಲ್ಲಿ ಪರೀಕ್ಷಿಸಿದ್ದು ಇದನ್ನೇ: ಒಂದು ವಾರ, ರಾತ್ರಿ ಮಲಗುವ ಮುನ್ನ ಆ ದಿನ ಸರಿಯಾಗಿ ನಡೆದ ಮೂರು ಸಂಗತಿ, ಅವು ಯಾಕೆ ನಡೆದವು ಎಂಬ ಕಾರಣ. ಬರೆದವರ ಖುಷಿ ಆರು ತಿಂಗಳವರೆಗೂ ಸ್ವಲ್ಪ ಹೆಚ್ಚಿತ್ತು. ಜಪಾನಿನಲ್ಲಿ 2006ರ ಇನ್ನೊಂದು ಅಧ್ಯಯನದಲ್ಲಿ ತಾವು ಮಾಡಿದ ಸಣ್ಣ ಉಪಕಾರಗಳನ್ನು ಒಂದು ವಾರ ಎಣಿಸಿದರೂ ಸಾಕಾಯಿತು. ನಂತರ ನಡೆದ ಹತ್ತಾರು ಅಧ್ಯಯನಗಳನ್ನು ಒಟ್ಟಿಗೆ ನೋಡಿದರೆ, ಇಂಥ ಅಭ್ಯಾಸಗಳ ಪರಿಣಾಮ ನಿಜ, ಆದರೆ ಸಣ್ಣದು. ಖಿನ್ನತೆಗೆ ಇದು ಚಿಕಿತ್ಸೆಯಲ್ಲ. ಎರಡು ವಾರಕ್ಕಿಂತ ಹೆಚ್ಚು ಕಾಲ ನಿದ್ದೆ ಬರದೆ, ಯಾವುದರಲ್ಲೂ ಮನಸ್ಸಿಲ್ಲದೆ ಇದ್ದರೆ ಡೈರಿ ಬೇಡ, ವೈದ್ಯರ ಹತ್ತಿರ ಹೋಗಿ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.

ಫಾರ್ವರ್ಡ್ ಬಂದಾಗ ನಾವು ಈಗ ಒಂದು ಪ್ರಶ್ನೆ ಕೇಳುತ್ತೇವೆ, ಕಾಕಾ ಅವರಿಗೂ ಅದನ್ನೇ ಹೇಳಿ ಬಂದೆವು: "ಇದು ಎಲ್ಲಿಯದು, ಆಮೇಲೆ ಏನಾಯಿತು?" ಊರು, ದಿನ, ಮುಂದಿನ ಕಥೆ ಮೂರೂ ಇಲ್ಲದಿದ್ದರೆ ಅದು ನಮ್ಮ ಫೋನಿನಲ್ಲೇ ನಿಲ್ಲುತ್ತದೆ. ಈ ಪ್ರಶ್ನೆಗೆ ಕಾರಣವೂ ಇದೆ. ಸುಗ್ಗಿಯ ನಂತರ ಈ ಕಡೆಯ ಊರುಗಳಿಗೆ ಎತ್ತು ಹೂಡಿಕೊಂಡು ಹೆಳವರು ಬರುತ್ತಾರೆ, ಮನೆತನದ ಹಿಂದಿನ ತಲೆಮಾರುಗಳ ಹೆಸರು ಹೇಳಿ ಕಾಳು ಪಡೆದು ಹೋಗುತ್ತಾರೆ. ಪಾತ್ರೆ ಮಾರುವವರು, ಬುಡಬುಡಕಿಯವರು, ಹಿಂದಿ ಮಾತಾಡುವ ಕಂಬಳಿ ವ್ಯಾಪಾರಿಗಳು ಬರುತ್ತಾರೆ. ಆಡಿಯೊ ಮೊದಲು ಬಂದು, ಅವರು ಆಮೇಲೆ ಬಂದರೆ?

ಮರುದಿನ ಕಾಕಾ ಅವರಿಗೆ ಫೋನ್ ಮಾಡಿದೆವು. ಗ್ರೂಪಿನಲ್ಲಿ ಆ ಆಡಿಯೊದ ಕೆಳಗೆ "ಇದು ಎಲ್ಲಿದು? ಯಾವಾಗಿಂದು?" ಎಂದು ಮೊಮ್ಮಗಳ ಕೈಲಿ ಬರೆಸಿ ಹಾಕಿದ್ದರಂತೆ. ಕಳಿಸಿದವರು ಇನ್ನೂ ಉತ್ತರ ಕೊಟ್ಟಿರಲಿಲ್ಲ. "ಗುಳಿಗಿ ಬಂದ್ವೇನ್ರಿ?" ಎಂದು ಕೇಳಿದೆವು. "ಹುಡುಗ ನಿನ್ನೆ ಸಂಜೀಕೇ ತಂದುಕೊಟ್ಟಾನ," ಅಂದರು, "ಮ್ಯಾಲ ಹದಿನೆಂಟು ರೂಪಾಯಿ ಚಿಲ್ಲರ."